ತನ್ನೂರು ನೋಡಲು ಹೊರಟ ಬೋರ್ಗ್ನಿ

ಹೋಲ್ಮವಿಕ್‌ನಿಂದ ಉಲ್ವನೆಸ್‌ಗೆ ಬೆಟ್ಟಗಳ ಸಂದಿಗೆ ನುಗ್ಗಿದ ಕಡಲಿನ ಕವಲಾದ ಫಿಯೋರ್ಡ್ ದಾಟಲು ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಬೋರ್ಗ್ನಿ ಇಪ್ಪತ್ತೊಂಬತ್ತು ವರ್ಷ ಆ ಹನ್ನೆರಡು ನಿಮಿಷದೊಳಗೇ ಬದುಕಿದವಳು. ಕಾರು, ಲಾರಿಗಳನ್ನು ಹೊತ್ತುಕೊಂಡು ಆ ದಡಕ್ಕೂ ಈ ದಡಕ್ಕೂ ಓಡಾಡುತ್ತಿದ್ದ ಹಡಗಿನ ಅಡುಗೆಕೋಣೆಯಲ್ಲಿ ಸ್ವೇಲೆ ಹುಯ್ಯುವುದು ಅವಳ ಕೆಲಸ. ಸ್ವೇಲೆ ಎಂದರೆ ದಪ್ಪನೆಯ ಮೆತ್ತನೆಯ ಸಿಹಿದೋಸೆ. ಬೆಣ್ಣೆ ಸಕ್ಕರೆ ಸವರಿ ಮಡಚಿ ಕೊಟ್ಟರೆ ಲಾರಿಯವರು ಆರುವ ತನಕ ಕಾಯದೆ ಬಾಯಿ ಸುಟ್ಟುಕೊಂಡೇ ತಿನ್ನುತ್ತಿದ್ದರು. ಆ ಅಡುಗೆಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಕಾರು ನಿಲ್ಲಿಸುವ ಕಡೆಗೆ. ಹೀಗಾಗಿ ದೂರದ ದೇಶಗಳಿಂದ ಜನ ಹಣ ಸುರಿದು ನೋಡಲು ಬರುವ ಸ್ಕಾರ್ವೆ ಫಿಯೋರ್ಡನ್ನು ದಿನಕ್ಕೆ ಹದಿನಾರು ಸಲ ದಾಟಿಯೂ ಬೋರ್ಗ್ನಿ ಕಂಡದ್ದು ಕಾರುಗಳ ಹಿಂದಿನ ದೀಪಗಳನ್ನು ಮಾತ್ರ. ಉಲ್ವನೆಸ್ ದಡದಲ್ಲಿದ್ದ ಅವಳ ಮನೆಯಿಂದ ನೋಡಿದರೂ ಎದುರಿಗೆ ಕಾಣುವುದು ಒಂದು ಕರಿ ಬಂಡೆ.

ಗಂಡ ಆರ್ನ್‌ಫಿನ್ ಅದೇ ಹಡಗಿನಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸುವವನು. ಮಾತು ಕಡಿಮೆ, ಕೈ ಜಾಸ್ತಿ. ಎರಡು ಕೈ ಎತ್ತಿ 'ಬಾ ಬಾ' ಎನ್ನುವುದು, ಎಡಕ್ಕೆ ಒಂಚೂರು ಎಂದು ಬೆರಳಾಡಿಸುವುದು, ಕೊನೆಗೆ ಮುಷ್ಟಿ ಬಿಗಿದು 'ನಿಲ್ಲು' ಎನ್ನುವುದು. ಬೆಟ್ಟ ಕೊರೆದು ಸುರಂಗ ಬಂತು, ಹಡಗು ನಿಂತಿತು, ಇಬ್ಬರೂ ಮನೆಗೆ ಬಂದರು. ಆದರೆ ಆರ್ನ್‌ಫಿನ್‌ನ ಕೈ ಸುಮ್ಮನಿರಲಿಲ್ಲ. ಕುರಿಗಳನ್ನು ದೊಡ್ಡಿಗೆ ಹೊಡೆಯುವಾಗಲೂ ಅದೇ ಸನ್ನೆ, ಅಂಗಡಿಯಲ್ಲಿ ಹೆಂಡತಿ ತಳ್ಳುಗಾಡಿ ತಿರುಗಿಸುವಾಗಲೂ ಅದೇ ಸನ್ನೆ.

ಬೋರ್ಗ್ನಿಗೆ ಅರವತ್ತೈದು ತುಂಬಿದ ದಿನ ಹಡಗಿನ ಹಳೇ ಗೆಳೆಯರೆಲ್ಲ ಸೇರಿ ಒಂದು ಲಕೋಟೆ ಕೊಟ್ಟರು. ಅದರೊಳಗೆ ಪ್ರವಾಸದ ಎರಡು ಟಿಕೆಟ್ಟು: 'ಸ್ಕಾರ್ವೆ ಫಿಯೋರ್ಡಿನಲ್ಲಿ ಒಂದು ದಿನ. ಬಸ್ಸು, ದೋಣಿ, ಗೈಡು ಸಮೇತ.'

"ನಾನು ಹುಟ್ಟಿದ ಊರು ತೋರ್ಸೋಕೆ ನನಗೇ ಟಿಕೆಟ್ಟಾ?" ಎಂದು ಮನೆಗೆ ಬಂದ ಮೇಲೆ ಬೋರ್ಗ್ನಿ ಹಾರಾಡಿದಳು. "ನಾಳೆ ನನ್ನ ಬಚ್ಚಲುಮನೆ ತೋರ್ಸೋಕೂ ಯಾರಾದ್ರೂ ಗೈಡು ಬರ್ತಾನೆ ಬಿಡು."

ಆರ್ನ್‌ಫಿನ್ ಕಾಗದ ತಿರುವಿ ಓದಿದ. "ವಾಫಲ್ ಕೊಡ್ತಾರಂತೆ."

"ನಲವತ್ತು ವರ್ಷ ನನ್ನ ಕೈ ಅಡುಗೆ ತಿಂದು ಈಗ ಕಂಡವರ ವಾಫಲ್‌ಗೆ ಬಾಯಿ ಬಿಡ್ತೀಯಲ್ಲೋ!"

"ಕಾಫಿನೂ ಕೊಡ್ತಾರಂತೆ."

ಟಿಕೆಟ್ಟು ಡಬ್ಬಿಯೊಳಗೆ ಹೋಯಿತು. ಆದರೆ ಕೊಟ್ಟವರು ಬಿಡಬೇಕಲ್ಲ. ಅಂಗಡಿಯಲ್ಲಿ ಸಿಕ್ಕಾಗಲೆಲ್ಲ "ಹೋಗಿಬಂದ್ಯಾ?" ಎಂದು ಕೇಳುವರು. ಆಗಸ್ಟ್ ಕೊನೆಗೆ ಟಿಕೆಟ್ಟಿನ ಅವಧಿ ಮುಗಿಯುತ್ತಿತ್ತು. ಕೊನೆಯ ವಾರದಲ್ಲಿ ಬೋರ್ಗ್ನಿ ಮನಸ್ಸು ಮಾಡಿದಳು. ಆದರೆ ಊರವರ ಕಣ್ಣಿಗೆ ಬೀಳಕೂಡದು. ತನಗೆ ಪೆಟ್ರೋಲ್ ಬಂಕಿನಿಂದ ಒಂದು ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ ತಂದಳು. ಗಂಡನ ಕೊರಳಿಗೆ ಅಟ್ಟದಲ್ಲಿದ್ದ ಹಳೇ ಕ್ಯಾಮೆರಾ ಹಾಕಿದಳು.

"ಇದರಲ್ಲಿ ರೀಲೇ ಇಲ್ಲ" ಎಂದ ಆರ್ನ್‌ಫಿನ್.

"ನಿನ್ನನ್ನು ಫೋಟೋ ತೆಗಿ ಅಂದೋರ್ಯಾರು? ಸುಮ್ಮನೆ ನೇತಾಡಿಸ್ಕೋ."

ಪ್ರವಾಸದ ಬಸ್ಸು ಹೊರಡುವುದು ದೂರದ ಪಟ್ಟಣದಿಂದ. ಹಾಗಾಗಿ ಬೆಳಗ್ಗೆ ಐದಕ್ಕೆದ್ದು, ಎರಡು ಗಂಟೆ ಕಾರು ಓಡಿಸಿ, ತಮ್ಮ ಮನೆ ಮುಂದಕ್ಕೇ ತಮ್ಮನ್ನು ಕರೆತರಲಿದ್ದ ಬಸ್ಸನ್ನು ಅವರು ಹತ್ತಿದರು.

ಗೈಡು ರಿಕ್ಕೆ ಎಂಬ ಡೆನ್ಮಾರ್ಕಿನ ಹುಡುಗಿ. ಕೆಲಸಕ್ಕೆ ಸೇರಿ ನಾಲ್ಕೇ ದಿನವಾಗಿತ್ತು. ಕೈಯಲ್ಲೊಂದು ನೋಟ್‌ಪುಸ್ತಕ, ಮುಖದ ತುಂಬ ನಗು. ಸೀಟಿನಿಂದ ಸೀಟಿಗೆ ಬಂದು ಎಲ್ಲರನ್ನೂ "ನೀವು ಯಾವ ದೇಶದವರು?" ಎಂದು ಇಂಗ್ಲಿಷಿನಲ್ಲಿ ಕೇಳುತ್ತ ಬಂದಳು. ಇದನ್ನು ಬೋರ್ಗ್ನಿ ಯೋಚಿಸಿಯೇ ಇರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಫಿನ್‌ಲ್ಯಾಂಡ್."

"ಅಯ್ಯೋ, ಎಷ್ಟು ಒಳ್ಳೇದಾಯ್ತು!" ಎಂದಳು ರಿಕ್ಕೆ. "ಮುಂದಿನ ಸೀಟಲ್ಲಿರೋ ಯೌಕೊ ಅವರೂ ಫಿನ್‌ಲ್ಯಾಂಡಿನವರೇ!"

ಮುಂದಿನ ಸೀಟಿನಿಂದ ಒಬ್ಬ ಉದ್ದನೆಯ ಮನುಷ್ಯ ತಿರುಗಿದ. ಮರಗೆಲಸ ಕಲಿಸಿ ನಿವೃತ್ತನಾದ ಮೇಷ್ಟ್ರು. ತನ್ನ ಭಾಷೆಯಲ್ಲಿ ಆರ್ನ್‌ಫಿನ್‌ಗೆ ಒಂದು ಉದ್ದ ವಾಕ್ಯ ಹೇಳಿ ಉತ್ತರಕ್ಕೆ ಕಾದ. ಬೋರ್ಗ್ನಿ ಟೋಪಿಯನ್ನು ಇನ್ನಷ್ಟು ಕೆಳಕ್ಕೆಳೆದುಕೊಂಡಳು. ಆರ್ನ್‌ಫಿನ್ ಸ್ವಲ್ಪ ಯೋಚಿಸುವವನಂತೆ ಹುಬ್ಬು ಗಂಟಿಕ್ಕಿದ, ನಿಧಾನವಾಗಿ ಎರಡು ಸಲ ತಲೆಯಾಡಿಸಿದ, ಆಮೇಲೆ ಕಿಟಕಿಯಾಚೆ ನೋಡತೊಡಗಿದ. ಯೌಕೊ ಮುಖದಲ್ಲಿ ತೃಪ್ತಿ ಕಂಡಿತು. ಎದ್ದು ಬಂದು ಆರ್ನ್‌ಫಿನ್‌ನ ಆಚೆಬದಿಯ ಸೀಟಿನಲ್ಲಿ ಕುಳಿತ. ಆಮೇಲೆ ಇಬ್ಬರೂ ತುಟಿ ಬಿಚ್ಚದೆ ಹಳೇ ಸ್ನೇಹಿತರಂತೆ ಕೂತೇ ಇದ್ದರು.

ಫಿಯೋರ್ಡಿನ ತುದಿಯಲ್ಲಿ ಬಸ್ಸಿಳಿದು ಮೂವತ್ತನಾಲ್ಕು ಜನ ದೋಣಿ ಹತ್ತಿದರು. ಎರಡು ಕಡೆಯೂ ಬಂಡೆ ಗೋಡೆಯಂತೆ ನೆಟ್ಟಗೆ ಎದ್ದಿತ್ತು. ನಡುವೆ ಹಸಿರು ನೀರು. ರಿಕ್ಕೆ ಮೈಕು ಹಿಡಿದು, ಎತ್ತರದಲ್ಲಿ ಬಂಡೆಗೆ ಅಂಟಿಕೊಂಡಿದ್ದ ಒಂದು ಚಿಕ್ಕ ಮನೆಯತ್ತ ಕೈ ತೋರಿಸಿದಳು.

"ಅದೇ ಹಿಲ್ಲಾ ಅನ್ನೋ ಮನೆ. ಅಲ್ಲಿದ್ದ ಗುನ್‌ಹಿಲ್ಡ್ ಅನ್ನೋ ಹೆಂಗಸು ಹನ್ನೊಂದು ವರ್ಷ ಕೆಳಗಿಳಿಯಲೇ ಇಲ್ಲ. ಅವಳು ಪ್ರೀತಿಸಿದ ಮೀನುಗಾರ ಬಿರುಗಾಳಿಗೆ ಸಿಕ್ಕಿ ಮುಳುಗಿಹೋದ. ಅವನ ದೋಣಿ ಬರುತ್ತೆ ಅಂತ ಅವಳು ಆ ಕಿಟಕೀಲೇ ಕಾಯ್ತಾ ಕೂತಳು."

ಜನ "ಛೆ ಛೆ" ಎಂದರು. ಒಬ್ಬ ಜರ್ಮನ್ ಹೆಂಗಸು ಕಣ್ಣೊರೆಸಿಕೊಂಡಳು. ಬೋರ್ಗ್ನಿ ಹಲ್ಲು ಕಚ್ಚಿ ಕೂತಳು. ಗುನ್‌ಹಿಲ್ಡ್ ಅವಳ ತಾಯಿಯ ತಾಯಿ.

"ಮುಳುಗಿದ್ನಂತೆ! ನಮ್ಮಜ್ಜ ತೊಂಬತ್ತೊಂದು ವರ್ಷ ಬದುಕಿದ್ದ ಕಣೋ!" ಎಂದು ಗಂಡನ ಕಿವಿಯಲ್ಲಿ ಬುಸುಗುಟ್ಟಿದಳು.

"ಫಿನ್‌ಲ್ಯಾಂಡು" ಎಂದ ಆರ್ನ್‌ಫಿನ್ ಮೆಲ್ಲಗೆ.

ಅಷ್ಟರಲ್ಲಿ ದೋಣಿ ಒಂದು ತಿರುವು ದಾಟಿತು. ಎದುರಿಗೆ ಬಂಡೆಯ ನೆತ್ತಿಯಿಂದ ಏಳು ಎಳೆಯಾಗಿ ನೀರು ಧುಮುಕುತ್ತಿತ್ತು. ಅರ್ಧ ದಾರಿಯಲ್ಲೇ ಗಾಳಿ ಅದನ್ನು ಎತ್ತಿಕೊಂಡು ಬಿಳಿ ಬಟ್ಟೆಯಂತೆ ಬೀಸಾಡುತ್ತಿತ್ತು. ಬೋರ್ಗ್ನಿ ಕನ್ನಡಕ ತೆಗೆದಳು. ಹಳೇ ಹಡಗು ಓಡಾಡುತ್ತಿದ್ದ ನೀರು ಇದೇ. ಜಲಪಾತದ ಸದ್ದು ಕೇಳಿದ್ದಳು, ಅದನ್ನು ಇಂಜಿನ್ನಿನ ಸದ್ದೆಂದೇ ತಿಳಿದಿದ್ದಳು.

"ಇದು ಯಾವಾಗ್ಲೂ ಇಲ್ಲೇ ಇತ್ತಾ?" ಎಂದು ಕೇಳಿದಳು.

"ಇತ್ತು. ನಾನು ದಿನಾ ನೋಡ್ತಿದ್ದೆ."

"ಒಂದು ದಿನ ಬಂದು ಹೇಳಬಾರ್ದಿತ್ತಾ?"

"ನಿನ್ನ ಸ್ವೇಲೆಗೆ ಕ್ಯೂ ದೊಡ್ಡದಿರ್ತಿತ್ತು" ಎಂದ ಆರ್ನ್‌ಫಿನ್.

ಅವಳು ಅವನಿಗೆ ಏನೋ ಅನ್ನಬೇಕೆಂದಿದ್ದಳು. ಆದರೆ ಆಗಲೇ ಉಲ್ವನೆಸ್ ಕಾಣಿಸಿತು. ನೋಟ್‌ಪುಸ್ತಕದ ಪ್ರಕಾರ 'ಜಲಪಾತದ ನಂತರ ಎಡಕ್ಕೆ ಪಾಳು ಮನೆ' ಇರಬೇಕಿತ್ತು. ಅದು ಇದ್ದದ್ದು ಇನ್ನೂ ಮುಂದಿನ ಮೂಲೆಯಾಚೆ. ರಿಕ್ಕೆಗೆ ಅದು ಹೇಗೆ ಗೊತ್ತಾಗಬೇಕು? ನೀರಿನ ಕಡೆಯ ಗೋಡೆ ಹನ್ನೊಂದು ವರ್ಷದಿಂದ ಬಣ್ಣ ಕಾಣದ ಒಂದು ಮನೆ ಅವಳ ಕಣ್ಣಿಗೆ ಬಿತ್ತು. ಬಣ್ಣದ ಡಬ್ಬಿಗಳನ್ನು ಆರ್ನ್‌ಫಿನ್ ತಂದಿಟ್ಟಿದ್ದ. ರಸ್ತೆ ಕಡೆಯ ಗೋಡೆಗೆ ಹಚ್ಚಿಯೂ ಆಗಿತ್ತು. ನೀರಿನ ಕಡೆಯಿಂದ ನೋಡುವವರು ಯಾರು ಎಂಬುದು ಅವನ ವಾದ.

"ಎಡಗಡೆ ನೋಡಿ" ಎಂದಳು ರಿಕ್ಕೆ, ದನಿ ತಗ್ಗಿಸಿ. "ಎಷ್ಟೋ ವರ್ಷದಿಂದ ಪಾಳುಬಿದ್ದ ಮನೆ. ಬದುಕು ನಡೆಸೋಕಾಗದೆ ಜನ ಬಿಟ್ಟು ಹೋದರು. ಎಷ್ಟು ಅವಸರದಲ್ಲಿ ಹೋಗಿದ್ದಾರೆ ಅಂದರೆ, ನೋಡಿ ಪಾಪ, ಒಣಹಾಕಿದ ಬಟ್ಟೆ ಕೂಡ ಹಾಗೇ ಇದೆ."

ಹಗ್ಗದ ಮೇಲೆ ಆರ್ನ್‌ಫಿನ್‌ನ ಎರಡು ಉಣ್ಣೆಯ ಒಳಚಡ್ಡಿ ಗಾಳಿಗೆ ಕಾಲಾಡಿಸುತ್ತಿದ್ದವು. ಮೂವತ್ತು ಕ್ಯಾಮೆರಾಗಳು ಒಟ್ಟಿಗೆ ಮೇಲೆದ್ದವು.

"ಪಾಳುಬಿದ್ದಿದೆಯಾ!" ಬೋರ್ಗ್ನಿ ಎದ್ದು ನಿಂತಿದ್ದಳು. ಟೋಪಿ ಹಾರಿ ನೀರಿಗೆ ಬಿತ್ತು. ಅಪ್ಪಟ ಉಲ್ವನೆಸ್ ಮಾತಿನಲ್ಲಿ ಕೂಗಿದಳು: "ನಿನ್ನೆ ತಾನೇ ಕಿಟಕಿ ಒರೆಸಿದ್ದೀನಿ! ಆ ಚಡ್ಡಿ ಒಗೆದು ಇನ್ನೂ ಒಂದು ದಿನ ಆಗಿಲ್ಲ! ಬದುಕು ನಡೆಸೋಕಾಗದೆ ಹೋದ್ರಂತೆ! ಇವನೇ, ಇಲ್ಲೇ ಕೂತಿದ್ದಾನಲ್ಲ, ಸೋಮಾರಿ, ಬಣ್ಣ ಬಳಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದು ಹೋಯ್ತು!"

ಡೆನ್ಮಾರ್ಕಿನವಳಿಗೆ ಅರ್ಧ ಮಾತು ಅರ್ಥವಾಯಿತು, ಅಷ್ಟೇ ಸಾಕಾಯಿತು. "ನನಗೆ ಕೊಟ್ಟಿದ್ದೇ ಇಷ್ಟು. ಎರಡು ದಿನದಲ್ಲಿ ಬಾಯಿಪಾಠ ಮಾಡಿದೆ" ಎಂದವಳೇ ಅಳತೊಡಗಿದಳು, ಅದೂ ಮೈಕಿನಲ್ಲಿ.

ಬೋರ್ಗ್ನಿಯ ಸಿಟ್ಟೆಲ್ಲ ಇಳಿದುಹೋಯಿತು. ಕೆಲಸದ ಹೊತ್ತಿನಲ್ಲಿ ಗಿರಾಕಿಗಳ ಮುಂದೆ ಅಳುವುದರ ಕಷ್ಟ ಅವಳಿಗೆ ಗೊತ್ತಿತ್ತು. ಮೊದಲ ವಾರದಲ್ಲಿ ಒಂದು ಹಂಚು ಸ್ವೇಲೆ ಸೀದು ಹೋದಾಗ ತಾನೂ ಅತ್ತಿದ್ದಳು. ಹೋಗಿ ಹುಡುಗಿಯ ಕೈಗೆ ತನ್ನ ಕರವಸ್ತ್ರ ಕೊಟ್ಟು ಮೈಕು ತೆಗೆದುಕೊಂಡಳು. ಲಾರಿಯವರ ಜೊತೆ ಮಾತಾಡಿ ಕಲಿತ ಹರುಕುಮುರುಕು ಇಂಗ್ಲಿಷಿನಲ್ಲೇ ಶುರು ಮಾಡಿದಳು.

"ಈ ಹುಡುಗಿದು ತಪ್ಪಿಲ್ಲ. ಗೋಡೆ ನೋಡಿದ್ರೆ ನನಗೂ ಹಾಗೇ ಅನ್ಸುತ್ತೆ. ಆದರೆ ಆ ಗುನ್‌ಹಿಲ್ಡ್ ನಮ್ಮಜ್ಜಿ. ಯಾವ ಮೀನುಗಾರನೂ ಮುಳುಗಿಲ್ಲ. ಅವಳ ಅಕ್ಕನ ಮದುವೇಲಿ ಅವಳನ್ನ ಊರ ಅಧಿಕಾರಿಯ ನಾದಿನಿಗಿಂತ ಕೆಳಗಿನ ಸಾಲಲ್ಲಿ ಕೂರಿಸಿದ್ರು. ಆ ಸಿಟ್ಟಿಗೆ ಹನ್ನೊಂದು ವರ್ಷ ಕೆಳಗಿಳೀಲಿಲ್ಲ. ಕಿಟಕೀಲಿ ಕೂತಿದ್ದು ಯಾರನ್ನೂ ಕಾಯೋಕಲ್ಲ, ಯಾರಾದ್ರೂ ಕ್ಷಮೆ ಕೇಳೋಕೆ ಬಂದ್ರೆ ಬಾಗಿಲು ಹಾಕೋಕೆ."

ಮೊದಲು ನಕ್ಕದ್ದು ಅತ್ತಿದ್ದ ಜರ್ಮನ್ ಹೆಂಗಸು. "ಮತ್ತೆ ಕಾಫಿಪುಡಿ, ಸಕ್ಕರೆ ಎಲ್ಲ ತರ್ತಿದ್ದವರು ಯಾರು?" ಎಂದು ಕೇಳಿದಳು.

"ನಮ್ಮಜ್ಜ. ಇಳಿದು ಹೋಗಿ ಹೊತ್ತು ತರ್ತಿದ್ದ. ಒಂದೊಂದು ಸಲ ಸಕ್ಕರೆ ತರೋಕೆ ಅಂತ ಹೋದವನು ನಾಲ್ಕು ದಿನ ಆದ್ಮೇಲೆ ಬರ್ತಿದ್ದ. ಅಜ್ಜಿ ರಾಜಿ ಮಾಡ್ಕೊಂಡ ದಿನ ಅವನಷ್ಟು ಬೇಜಾರಾದವರು ಊರಲ್ಲೇ ಯಾರೂ ಇರ್ಲಿಲ್ಲವಂತೆ."

ಮೇಲಿನ ಚಾಲಕನ ಕೋಣೆಯಿಂದ ಧ್ವನಿವರ್ಧಕ ಗೊರಗುಟ್ಟಿತು. "ಬೋರ್ಗ್ನಿ? ನೀನೇನೇ ಅದು? ನನ್ನ ದೋಣೀಲಿ ಏನು ಮಾಡ್ತಿದ್ದೀಯ?" ಚಾಲಕ ತೋರ್ಗೈರ್ ಪಕ್ಕದ ಮನೆಯವನು. ಖುಷಿಗೆ ಅವನು ಮೂರು ಸಲ ಹಾರ್ನ್ ಬಾರಿಸಿದ. ಹಾರ್ನ್ ಕೇಳಿದ ಉಲ್ವನೆಸ್‌ನವರೆಲ್ಲ ದಡಕ್ಕೆ ಬಂದು ನಿಂತರು. ಟಿಕೆಟ್ಟು ಕೊಟ್ಟವರೂ ಇದ್ದರು. ಅವಿತುಕೊಳ್ಳಲು ಟೋಪಿಯೂ ಇರಲಿಲ್ಲ.

ಆಗ ಆರ್ನ್‌ಫಿನ್ ಎದ್ದು ದೋಣಿಯ ಮೂತಿಗೆ ಹೋದ. ಎದುರಿಗೆ ಹಳೇ ಹಡಗುಕಟ್ಟೆ ಕಂಡದ್ದೇ ತಡ, ಅವನ ಎರಡು ಕೈ ತಾವಾಗಿಯೇ ಮೇಲೆದ್ದವು. ಬಾ ಬಾ. ಎಡಕ್ಕೆ ಒಂಚೂರು. ತೋರ್ಗೈರ್ ಹದಿನೆಂಟು ವರ್ಷ ಆ ಕೈ ನೋಡಿಯೇ ಹಡಗಿಗೆ ಕಾರು ಹತ್ತಿಸಿದವನು. ಯೋಚಿಸದೆ ದೋಣಿ ತಿರುಗಿಸಿದ. ಮುಷ್ಟಿ ಬಿಗಿದಾಗ ದೋಣಿ ಕಟ್ಟೆಗೆ ಒರಗಿ ನಿಂತಿತ್ತು.

"ಇಲ್ಲಿ ನಿಲ್ಲಿಸೋ ಹಾಗಿಲ್ಲವಲ್ಲ!" ಎಂದಳು ರಿಕ್ಕೆ.

"ಹನ್ನೆರಡು ನಿಮಿಷ ಕೊಡು" ಎಂದು ಬೋರ್ಗ್ನಿ ಮನೆಯ ಕಡೆ ಓಡಿದಳು.

ರಾತ್ರಿ ಊಟಕ್ಕೆಂದು ಹಡಗಿನ ಅಭ್ಯಾಸದಲ್ಲಿ ಪಾತ್ರೆ ತುಂಬ ಕಲಸಿಟ್ಟ ಹಿಟ್ಟು ಫ್ರಿಜ್ಜಿನಲ್ಲಿತ್ತು. ಎರಡು ಹಂಚು ಇಟ್ಟು, ಹುಯ್ದು, ತಿರುವಿ, ಅರ್ಧರ್ಧ ಮಾಡಿ ಮೂವತ್ತನಾಲ್ಕು ಜನಕ್ಕೂ ಕೊಟ್ಟಳು. ಆಮೇಲೆ ತೋರ್ಗೈರ್‌ಗೆ ಒಂದು ಇಡೀ ಸ್ವೇಲೆ. ಯೌಕೊ ಬಾಯಿ ಸುಟ್ಟುಕೊಂಡು ಆರ್ನ್‌ಫಿನ್ ಪಕ್ಕ ನಿಂತ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಿದ:

"ನೀನು ನಮ್ಮವನಲ್ಲ ಅಂತ ಬಸ್ಸಲ್ಲೇ ಗೊತ್ತಾಯ್ತು. ಆದರೂ ಇಷ್ಟು ಚೆನ್ನಾಗಿ ಸುಮ್ಮನಿರೋ ಮನುಷ್ಯ ನನಗೆ ಬೇರೆ ಸಿಕ್ಕಿರ್ಲಿಲ್ಲ."

ಆರ್ನ್‌ಫಿನ್ ನಿಧಾನವಾಗಿ ತಲೆಯಾಡಿಸಿದ.

ಪ್ರವಾಸದ ಕಂಪನಿಗೆ ಆಮೇಲೆ ಎರಡು ಕಾಗದ ಬಂದವಂತೆ. ಒಂದರಲ್ಲಿ, ದುಃಖದ ಕಥೆಯೆಂದು ನಂಬಿಸಿ ಮದುವೆಯೂಟದ ಜಗಳ ಹೇಳಿದರು ಎಂಬ ದೂರು. ಇನ್ನೊಂದರಲ್ಲಿ ಆ ದೋಸೆ ಮಾಡುವ ವಿಧಾನ ಕಳಿಸಿ ಎಂಬ ಬೇಡಿಕೆ. ಕಂಪನಿಯವರು ಬೋರ್ಗ್ನಿಯನ್ನೇ ಗೈಡಾಗಿ ಬಾ ಎಂದು ಕರೆದರು. "ಹುಡುಗಿ ಕೆಲಸ ಕಿತ್ಕೊಳ್ಳೋಕೆ ನಾನ್ಯಾರು?" ಎಂದು ಅವಳು ಒಪ್ಪಲಿಲ್ಲ. ಬದಲಿಗೆ ರಜೆಯ ದಿನ ರಿಕ್ಕೆಯನ್ನೇ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಯಾವ ಮನೆಯಲ್ಲಿ ಯಾರು ಯಾರೊಂದಿಗೆ ಯಾತಕ್ಕೆ ಮಾತು ಬಿಟ್ಟಿದ್ದರು ಎಂಬುದನ್ನೆಲ್ಲ ಹೇಳಿಕೊಟ್ಟಳು. ಆದರೆ ಮಂಗಳವಾರ ಮತ್ತು ಶುಕ್ರವಾರ ದೋಣಿ ಹತ್ತಿ ಕಿಟಕಿ ಪಕ್ಕ ಕೂರುವುದನ್ನು ರೂಢಿ ಮಾಡಿಕೊಂಡಳು. ಟಿಕೆಟ್ಟು ಕೇಳುವ ಧೈರ್ಯ ತೋರ್ಗೈರ್‌ಗೆ ಇರಲಿಲ್ಲ.

ಎರಡು ವರ್ಷ ಕಳೆದು ರಿಕ್ಕೆ ತನ್ನೂರಿಗೆ ಹಿಂದಿರುಗಿದಳು. ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂದು ಹಠ ಹಿಡಿದು ಕರೆಸಿಕೊಂಡಳು. ಡೆನ್ಮಾರ್ಕಿನಲ್ಲೇ ಅತಿ ಎತ್ತರದ ಬೆಟ್ಟ ತೋರಿಸುತ್ತೇನೆಂದು ಒಂದು ಬೆಳಗ್ಗೆ ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಕಾರು ನಿಂತಿತು. ಗೋಧಿ ಹೊಲಗಳ ನಡುವೆ ಸ್ವಲ್ಪ ದೂರ ನಡೆದರು. ಬೋರ್ಗ್ನಿ ಸುತ್ತಲೂ ನೋಡಿ, "ಇನ್ನೂ ಎಷ್ಟು ದೂರ ಮಗಳೇ, ಬೆಟ್ಟ?" ಎಂದಳು.

"ಅದರ ಮೇಲೇ ನಿಂತಿದ್ದೀರಿ" ಎಂದಳು ರಿಕ್ಕೆ.

ಬೋರ್ಗ್ನಿ ಕಾಲ ಕೆಳಗೆ ನೋಡಿಕೊಂಡಳು. ನಗು ತಡೆಯಲು ತುಟಿ ಕಚ್ಚಿ, ಆದಷ್ಟು ಮರ್ಯಾದೆಯಿಂದ ಹೇಳಿದಳು: "ತುಂಬಾ ಚೆನ್ನಾಗಿದೆ. ಹತ್ತಿದ್ದೇ ಗೊತ್ತಾಗ್ಲಿಲ್ಲ."