ಗಂಟು ಬಿಚ್ಚದ ನಕಾತಮಾಲ್

೧೯೮೮ರಲ್ಲಿ ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಆಗಿದ್ದೆ. ಕೆಂಡಲ್ ಪಾರ್ಕಿನ ಮನೆಯಿಂದ ರೂಟ್ ಒನ್ ಹೆದ್ದಾರಿ ಹಿಡಿದು ದಿನವೂ ಡ್ರೈವ್ ಮಾಡುತ್ತಿದ್ದೆ. ಆಸ್ಪತ್ರೆಯ ಅಡುಗೆಮನೆಯ ಹೊಸ ಸಸ್ಯಾಹಾರಿ ತಿನಿಸುಗಳನ್ನು ತಿಂದು ನೋಡಿ, ‘ಟೇಸ್ಟಿಂಗ್ ಶೀಟ್’ನಲ್ಲಿ ಅಂಕ ಕೊಟ್ಟು ಸಹಿ ಹಾಕುವುದೂ ನನ್ನ ಕೆಲಸವಾಗಿತ್ತು.

ಅಲ್ಲಿ ಮೂರು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದ ರೋಸಾ ನಿಕರಾಗುವಾದವಳು. ಅಡುಗೆಯವರ ಜಾಗವೊಂದು ಖಾಲಿಯಾದಾಗ ಅರ್ಜಿ ಹಾಕಿದಳು. ಪರೀಕ್ಷೆಗೆ ಒಂದು ಸಸ್ಯಾಹಾರಿ ತಿನಿಸು ಮಾಡಬೇಕಿತ್ತು. ಅವಳು ತನ್ನ ಊರಿನ ನಕಾತಮಾಲ್ ಆರಿಸಿಕೊಂಡಳು. ಮೆಕ್ಕೆಜೋಳದ ಹಿಟ್ಟನ್ನು ಹಂದಿಕೊಬ್ಬಿನಲ್ಲಿ ಕಲಸಿ, ನಡುವೆ ಹಂದಿಮಾಂಸ, ಅಕ್ಕಿ, ಆಲೂಗಡ್ಡೆ ಇಟ್ಟು, ಬಾಳೆ ಎಲೆಯಲ್ಲಿ ಸುತ್ತಿ ದಾರ ಕಟ್ಟಿ ಬೇಯಿಸುವ ತಿನಿಸದು. “ಮಾಂಸ, ಕೊಬ್ಬು ಎರಡೂ ಇಲ್ಲದೆ ಮಾಡ್ತೀನಿ, ಮಿಸ್” ಎಂದಿದ್ದಳು.

ಅಂದು ಮಧ್ಯಾಹ್ನ ಎರಡು ಬಿಸಿ ಪೊಟ್ಟಣಗಳು ನನ್ನ ಮೇಜಿಗೆ ಬಂದವು. ಬೆಂದ ಬಾಳೆ ಎಲೆಯ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಆದರೆ ಹುಟ್ಟಾ ಸಸ್ಯಾಹಾರಿಯಾದ ನನ್ನ ಮನಸ್ಸು ಒಪ್ಪಲಿಲ್ಲ. ಮಾಂಸ ಬೇಯಿಸಿದ ಯಾವ ಪಾತ್ರೆಯೋ ಏನೋ! ಕೇಳಬಹುದಿತ್ತು; ಕೇಳಿದರೆ ತಿನ್ನಬೇಕಾಗುತ್ತಿತ್ತು. ಶೀಟ್ ಎಳೆದುಕೊಂಡು ಬರೆದೆ: ಹಿಟ್ಟು ಗಟ್ಟಿ, ಉಪ್ಪು ಕಡಿಮೆ, ಹತ್ತಕ್ಕೆ ನಾಲ್ಕು. ಸಹಿಯನ್ನೂ ಹಾಕಿದೆ.

ಮೂರು ಗಂಟೆಗೆ ಮ್ಯಾನೇಜರ್ ಆ ಜಾಗಕ್ಕೆ ಬೇರೊಬ್ಬರ ಹೆಸರು ಹೇಳಿದರು. ರೋಸಾ ಶೀಟಿನ ಪ್ರತಿ ಹಿಡಿದು ನೇರ ನನ್ನ ಕೋಣೆಗೆ ಬಂದಳು. ಪೊಟ್ಟಣಗಳು ಮೇಜಿನ ಮೇಲೇ ಇದ್ದವು. ಅವಳು ಹಾಕಿದ ಗಂಟು ಹಾಗೇ ಇತ್ತು.

“ಉಪ್ಪು ಕಡಿಮೆ ಅಂತ ಹೇಗೆ ಗೊತ್ತಾಯ್ತು, ಮಿಸ್?”

“ಯಾವ ಪಾತ್ರೆಯೋ ಏನೋ ಅಂತ…” ಎಂದೆ.

“ಇಲ್ಲಿ ಯಾವ ಪಾತ್ರೇಲಿ ಏನು ಬೇಯುತ್ತೆ ಅಂತ ತೊಳೆಯೋಳಿಗೆ ಗೊತ್ತಿಲ್ವಾ? ಅದಕ್ಕೇ ಮನೆಯಿಂದ ಹೊಸ ಪಾತ್ರೆ ತಂದಿದ್ದೆ. ಕಾರ್ನ್ ಆಯಿಲ್‌ನಲ್ಲೇ ಕಲಸಿದ್ದೆ.”

ಅವಳು ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಪೊಟ್ಟಣಗಳನ್ನು ಮನೆಗೆ ತಂದು ಬಿಸಿ ಮಾಡಿದೆ. ನಮ್ಮವರು ಒಂದು ತುತ್ತು ತಿಂದವರೇ, “ಆಹಾ, ಥೇಟ್ ನಮ್ಮ ಕಡುಬಿನ ಥರ ಇದೆ ಕಣೇ! ಯಾರು ಮಾಡಿದ್ದು? ಹತ್ತಕ್ಕೆ ಹತ್ತು ಕೊಡಬೇಕು” ಎಂದರು. ನಾನೂ ಒಂದು ತುತ್ತು ತಿಂದೆ. ಹಿಟ್ಟು ಮೆತ್ತಗಿತ್ತು. ಉಪ್ಪು ಸರಿಯಾಗಿತ್ತು.

ಮರುದಿನ ಮ್ಯಾನೇಜರಿಗೆ ನಿಜ ಹೇಳಿದೆ. ಆದರೆ ರೋಸಾ ಕೆಲಸಕ್ಕೆ ಬರಲಿಲ್ಲ; ಮತ್ತೆಂದೂ ಬರಲಿಲ್ಲ.

ತಿನ್ನದಿರುವ ಹಕ್ಕು ನನಗಿತ್ತು, ತಿನ್ನದೆ ಅಂಕ ಕೊಡುವ ಹಕ್ಕಿರಲಿಲ್ಲ. ವೃತ್ತಿ ಇದನ್ನು ಕಲಿಸಿತು, ಆದರೆ ಅದರ ಬೆಲೆ ತೆತ್ತವಳು ರೋಸಾ. ನಿವೃತ್ತಳಾಗುವವರೆಗೂ ಸಂಶಯ ಬಂದಾಗಲೆಲ್ಲ ಅಂಕದ ಜಾಗ ಖಾಲಿ ಬಿಟ್ಟು, “ನಾನು ತಿಂದಿಲ್ಲ” ಎಂದು ಬರೆಯುತ್ತಿದ್ದೆ. ಅಂದಿನ ಶೀಟಿನಲ್ಲೂ ಅಷ್ಟು ಬರೆಯಲು ಜಾಗವಿತ್ತು.