ಐಸ್ ಭಾವನ ಲೋಟ

ನನ್ನ ಭಾವ ಮೂವತ್ತೆರಡು ವರ್ಷದಿಂದ ಐಸ್ ಮಾಡುತ್ತಿದ್ದಾರೆ. ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಅವರೇ ಮೆಷಿನ್ ಆಪರೇಟರ್. ಅಕ್ಕನ ಮದುವೆಯಾದ ಹೊಸತರಲ್ಲಿ ನಾನು ತಮಾಷೆಗೆ ಐಸ್ ಭಾವ ಎಂದದ್ದು ಎಲ್ಲ ಕಡೆ ಹಬ್ಬಿ, ಈಗ ಮೀನಿನ ದೋಣಿಯವರೂ ಅವರನ್ನು ಹಾಗೇ ಕೂಗುತ್ತಾರೆ. ಯಾರ್ಯಾರಿಗೋ ಭಾವನಾಗಿರುವುದು ಅವರಿಗೆ ಒಳಗೊಳಗೇ ಖುಷಿ.

ಆ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ದೊಡ್ಡ ತೊಟ್ಟಿಯ ತುಂಬ ಕೊರೆಯುವ ಉಪ್ಪುನೀರು. ಅದರೊಳಗೆ ಸಾಲಾಗಿ ಇಳಿಬಿಟ್ಟ ಉದ್ದನೆಯ ಡಬ್ಬಿಗಳಲ್ಲಿ ಸಿಹಿನೀರು. ಒಂದು ಹಗಲು ಒಂದು ರಾತ್ರಿ ಕಳೆದರೆ ಡಬ್ಬಿಗೊಂದು ಐಸ್ ದಿಮ್ಮಿ. ಭಾವ ಮರದ ತುಂಡಿನಿಂದ ಡಬ್ಬಿಯನ್ನು ತಟ್ಟಿ, ಕಿವಿಗೊಟ್ಟು, ನಡುವೆ ಇನ್ನೂ ನೀರಿದೆಯೋ ಪೂರ್ತಿ ಗಟ್ಟಿಯಾಗಿದೆಯೋ ಹೇಳಿಬಿಡುತ್ತಾರೆ. ಮೆಷಿನ್ನಿನ ಸದ್ದು ಚೂರು ಬದಲಾದರೂ ಊಟದ ತಟ್ಟೆ ಬಿಟ್ಟು ಓಡುತ್ತಾರೆ. ಅದಕ್ಕೆಂದೇ ಮಾಲೀಕರು ಫ್ಯಾಕ್ಟರಿಯ ಗೋಡೆಗೆ ಅಂಟಿಕೊಂಡಂತೆ ಅವರಿಗೊಂದು ಮನೆ ಕೊಟ್ಟಿದ್ದಾರೆ. ಎರಡು ಕೋಣೆ, ಒಂದು ಅಡುಗೆಮನೆ; ಹಿಂಬಾಗಿಲು ತೆಗೆದರೆ ಸಮುದ್ರ. ಆ ಮನೆ ಬಿಟ್ಟರೆ ಆ ಕೆಲಸವೂ ಇಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಹುಣ್ಣಿಮೆಯ ಉಬ್ಬರದಲ್ಲಿ ಆ ಹಿಂಬಾಗಿಲಿನಿಂದ ನೀರು ಒಳಗೆ ಬಂತು. ಅಕ್ಕ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಪಾತ್ರೆಗಳನ್ನು ಎತ್ತಿಟ್ಟಳು. ಅದೇ ವಾರ ಟಿವಿಯಲ್ಲಿ ಧ್ರುವದ ಐಸ್ ಕರಗಿ ಕಳಚಿ ಬೀಳುವುದನ್ನು ತೋರಿಸಿದರು. ಅಕ್ಕ ಗಂಡನಿಗೆ ಹೇಳಿದಳು: "ನೋಡ್ರೀ, ಅಲ್ಲಿ ಕರಗಿದ್ದು ಇಲ್ಲಿ ನಮ್ಮ ಒಲೆ ಹತ್ರ ಬಂದಿದೆ. ಈ ಮನೆ ಉಳಿಯಲ್ಲ. ನಂಗೆ ಭಯ ಆಗ್ತಿದೆ."

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಐಸಿನ ವಿಷಯದಲ್ಲಿ ತನಗೇ ಪಾಠ ಹೇಳುವವರುಂಟೇ ಎಂಬ ಜಂಭ. ಒಂದು ಗಾಜಿನ ಲೋಟದಲ್ಲಿ ಐಸ್ ತುಂಡು ತೇಲಿಬಿಟ್ಟು, ಅಂಚಿನವರೆಗೂ ನೀರು ತುಂಬಿಸಿ, ಅದು ಕರಗುವವರೆಗೂ ಅಕ್ಕನನ್ನು ಎದುರಿಗೆ ಕೂರಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ.

"ಕಂಡ್ಯಾ? ತೇಲೋ ಐಸು ನೀರೊಳಗೆ ಎಷ್ಟು ಜಾಗ ಹಿಡಿದಿರುತ್ತೋ, ಕರಗಿದ ಮೇಲೂ ಅಷ್ಟೇ ಜಾಗ. ಐಸ್ ತುಂಡುಗಳನ್ನ ಹಾಕೋ ನೀರಿನ ಟಬ್‌ನಲ್ಲಿ ದಿನಾ ನೋಡ್ತೀನಿ ನಾನು. ಸುಮ್ನೆ ತಲೆ ಕೆಡಿಸ್ಕೋಬೇಡ."

ಅಷ್ಟಕ್ಕೇ ಬಿಟ್ಟಿದ್ದರೆ ಅಕ್ಕ ಸುಮ್ಮನಾಗುತ್ತಿದ್ದಳೋ ಏನೋ. ಮರುದಿನ ಚಹಾದಂಗಡಿಯಲ್ಲಿ ನಾಲ್ಕು ಜನರೆದುರು ಅದನ್ನೇ ಮಾಡಿ ತೋರಿಸಿ, ಹೆಂಡತಿಯ ಭಯವನ್ನು ಕಥೆ ಮಾಡಿ ಹೇಳಿದರು. ನಲ್ಲಿಯ ಬಳಿ ಹೆಂಗಸರು ಅಕ್ಕನನ್ನು, "ಇವತ್ತು ಸಮುದ್ರ ಎಷ್ಟು ಏರಿತು?" ಎಂದು ಕೇಳಿದರು. ಅಕ್ಕ ಒಂದು ಬ್ಯಾಗಿಗೆ ಸೀರೆ ತುಂಬಿಕೊಂಡು ಬೆಟ್ಟದ ಮೇಲಿರುವ ನನ್ನ ಮನೆಗೆ ಬಂದಳು. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದವಳು ಮೂರು ವರ್ಷ ಉಳಿದಳು.

ನಾನು ಇಲ್ಲಿನ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ತೊಳೆದು ಜೋಡಿಸುವವಳು. ಮದುವೆ ಕೂಡಿಬರಲಿಲ್ಲ, ಕೂಡಿಸಲು ನಾನೂ ಅಷ್ಟೇನೂ ಬೆವರು ಸುರಿಸಲಿಲ್ಲ. ಹನ್ನೊಂದು ವರ್ಷ ಒಬ್ಬಳೇ ಉಂಡಿದ್ದೆ. ಅಕ್ಕ ಬಂದ ಮೇಲೆ ಬೀಗ ತೆಗೆಯುವ ಕೆಲಸ ತಪ್ಪಿತು. ಬಾಗಿಲು ತಟ್ಟಿದರೆ ಒಳಗಿನಿಂದ "ಬಂದೆ ಕಣೇ" ಎನ್ನುವ ದನಿ. ಅದಕ್ಕೆ ನಾನು ಎಷ್ಟು ಬೇಗ ಒಗ್ಗಿಹೋದೆ ಎಂದರೆ, ಅವಳ ಗಂಡನ ಮನೆಗೆ ನೀರು ಬಂದದ್ದೇ ನನ್ನ ಪುಣ್ಯ ಎಂದುಕೊಳ್ಳುತ್ತಿದ್ದೆ. ಕೆಟ್ಟ ಬುದ್ಧಿ, ಒಪ್ಪುತ್ತೇನೆ.

ಆದರೆ ಅವಳ ಮನಸ್ಸು ಕೆಳಗೇ ಇತ್ತು. ನಮ್ಮ ಬೆಟ್ಟದ ಚಳಿಯಲ್ಲೂ ಫ್ಯಾನ್ ಹಾಕಿಕೊಂಡೇ ಮಲಗುತ್ತಿದ್ದಳು. ನಾನು ಸ್ವೆಟರ್ ತೊಟ್ಟು ರಗ್ಗು ಹೊದ್ದು ಗೊಣಗಿದರೆ, "ಸದ್ದಿಲ್ದೆ ನಿದ್ದೆ ಹತ್ತಲ್ವೇ. ಇಪ್ಪತ್ತಾರು ವರ್ಷ ಮೆಷಿನ್ ಪಕ್ಕ ಮಲಗಿದೀನಿ" ಎನ್ನುತ್ತಿದ್ದಳು. ಬಟ್ಟೆ ಒಣಹಾಕಲು ತಾರಸಿಗೆ ಹೋದರೆ ಬೇಗ ಇಳಿಯುತ್ತಿರಲಿಲ್ಲ. ಅಲ್ಲಿಂದ ಸಮುದ್ರ ಒಂದು ಗೆರೆಯಷ್ಟೇ ಕಾಣುತ್ತದೆ. ಅವಳು ಅದನ್ನು ನೋಡುತ್ತ ನಿಂತಿರುತ್ತಿದ್ದಳು.

ಭಾವ ಪ್ರತಿ ಭಾನುವಾರ ಹನ್ನೊಂದರ ಬಸ್ಸಿಗೆ ಬರುತ್ತಿದ್ದರು. ಟಿಫನ್ ಡಬ್ಬಿಯಲ್ಲಿ, ಮರದ ಹೊಟ್ಟಿನೊಳಗೆ ಒಂದು ಐಸ್ ತುಂಡು. ಊಟವಾದ ಮೇಲೆ ಮೇಜಿನ ಮೇಲೆ ಅದೇ ಲೋಟ, ಅದೇ ನೀರು, ಅದೇ ಮಾತು: "ನೋಡು, ಒಂದು ಹನಿ ಚೆಲ್ಲಲಿಲ್ಲ. ಏನೂ ಆಗಲ್ಲ. ಬಾ ಮನೆಗೆ." ಅಕ್ಕ ಅವರ ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಪ್ರತಿ ವಾರವೂ ಒಂದು ಗುಂಡಿ ಹೋಗಿರುತ್ತಿತ್ತು. ನಾನು ಒಮ್ಮೆ ಸೂಕ್ಷ್ಮವಾಗಿ ನೋಡಿದೆ. ದಾರ ಸವೆದದ್ದಲ್ಲ, ಬ್ಲೇಡಿನಿಂದ ಕೊಯ್ದದ್ದು. ಐವತ್ತೆಂಟು ವರ್ಷದ ಗಂಡಸಿನ ಪಾಡು. ನಾಲ್ಕರ ಬಸ್ಸಿಗೆ ಹೊರಟವರು ತಿರುವಿನಲ್ಲಿ ಒಮ್ಮೆ ನಿಂತು ತಿರುಗಿ ನೋಡುತ್ತಿದ್ದರು. ಕಿಟಕಿಯಲ್ಲಿ ಅಕ್ಕ ನಿಂತಿರುತ್ತಿದ್ದಳು. ಒಬ್ಬರೆಂದರೆ ಒಬ್ಬರಿಗೆ ಪ್ರಾಣ, ಮಧ್ಯೆ ಆ ಹಾಳು ಲೋಟ.

ಕಳೆದ ವರ್ಷ ಒಂದು ದಿನ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಈ ಕಥೆ ಹೇಳಿದೆ. ಅವರು ನಗಲಿಲ್ಲ. "ನಿಮ್ಮ ಭಾವ ಹೇಳೋದು ಮುಕ್ಕಾಲು ಪಾಲು ಸರಿ. ತೇಲೋ ಐಸ್ ಕರಗಿದ್ರೆ ಸಮುದ್ರ ಹೆಚ್ಚುಕಮ್ಮಿ ಏರಲ್ಲ. ಆದ್ರೆ ಸಮುದ್ರದ ನೀರು ಉಪ್ಪು, ಐಸ್ ಸಪ್ಪೆ. ಉಪ್ಪುನೀರಿಗೆ ಭಾರ ಜಾಸ್ತಿ, ಅದಕ್ಕೇ ಕರಗಿದ ಸಪ್ಪೆ ನೀರಿಗೆ ಚೂರು ಹೆಚ್ಚು ಜಾಗ ಬೇಕು. ಅದು ಬಿಡಿ, ತೀರಾ ಸಣ್ಣದು. ನಿಜವಾದ ಭಯ ಇರೋದು ನೆಲದ ಮೇಲೆ ಕೂತಿರೋ ಐಸಿನದ್ದು. ಅದು ಕರಗಿ ಹರಿದು ಬಂದ್ರೆ ಹೊಸ ನೀರು ಸೇರಿದ ಹಾಗೆ."

ನನಗೆ ಅಷ್ಟು ಸಾಕಾಯಿತು. ಭಾವನ ಬಾಯಿ ಒಮ್ಮೆಗೇ ಮುಚ್ಚಿಸಿಬಿಟ್ಟರೆ ಅವರು ಕರೆಯುವುದನ್ನು ಬಿಡುತ್ತಾರೆ, ಅಕ್ಕ ನನಗೇ ಉಳಿಯುತ್ತಾಳೆ ಎಂದು ಲೆಕ್ಕ ಹಾಕಿದೆ. ಆ ಭಾನುವಾರ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಜಗ್ಗಿಗೆ ನಾಲ್ಕು ಚಮಚ ಉಪ್ಪು ಹಾಕಿ ಚೆನ್ನಾಗಿ ಕದಡಿ ತಂದೆ. ಭಾವ ಎಂದಿನಂತೆ ಐಸ್ ತೇಲಿಸಿ ಅಂಚಿನವರೆಗೂ ತುಂಬಿಸಿದರು. ಮೂವರೂ ಕೂತೆವು. ಐಸ್ ಅರ್ಧ ಕರಗುವ ಹೊತ್ತಿಗೆ ನೀರು ಅಂಚಿನಲ್ಲಿ ಉಬ್ಬಿ ನಿಂತಿತು. ಆಮೇಲೆ ಒಂದೆಳೆ ಇಳಿದು ಮೇಜಿನ ಮೇಲೆ ಹರಿಯಿತು.

"ಲೋಟ ಬೆವರಿದ್ದು ಅದು," ಎಂದರು ಭಾವ.

"ಲೋಟದ ಬೆವರು ಉಪ್ಪಿರಲ್ಲ ಭಾವ. ನಾಲಿಗೆಗೆ ಹಚ್ಚಿ ನೋಡಿ."

ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿದರು. ಮುಖ ಪೆಚ್ಚಾಯಿತು. ನಾನು ಬಿಡಲಿಲ್ಲ. ಮೇಷ್ಟ್ರು ಹೇಳಿದ್ದನ್ನೆಲ್ಲ ಗಿಣಿಪಾಠ ಒಪ್ಪಿಸಿದೆ. "ಸಮುದ್ರ ಸಿಹಿನೀರಿನ ಲೋಟ ಅಲ್ಲ ಭಾವ. ಮತ್ತೆ ಅಲ್ಲಿನ ಐಸೆಲ್ಲ ತೇಲ್ತಾನೂ ಇಲ್ಲ."

ಭಾವ ಲೋಟವನ್ನು ಪಕ್ಕಕ್ಕೆ ಸರಿಸಿದರು. ಜಗಳಕ್ಕೆ ಬರುತ್ತಾರೆ ಎಂದು ನಾನು ಸೆರಗು ಬಿಗಿದು ಕೂತಿದ್ದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಅಕ್ಕನಿಗೆ ಹೇಳಿದರು:

"ನಂಗೆ ಗೊತ್ತಿತ್ತು. ಹಿಂದೊಂದ್ಸಲ ಎರಡು ದಿನ ಕರೆಂಟ್ ಹೋಗಿತ್ತಲ್ಲ, ಗೋದಾಮಿನ ಕಟ್ಟೆ ಮೇಲೆ ಪೇರಿಸಿಟ್ಟಿದ್ದ ದಿಮ್ಮಿಗಳೆಲ್ಲ ಕರಗಿ ಅಂಗಳ ಪೂರ್ತಿ ನೀರಾಗಿತ್ತು. ನಾನೇ ಗುಡಿಸಿ ಹಾಕಿದೀನಿ. ಟಬ್‌ನಲ್ಲಿ ತೇಲೋ ಐಸಿಗೂ ಗೋದಾಮಿನ ಕಟ್ಟೆ ಮೇಲೆ ಕೂತಿರೋ ಐಸಿಗೂ ವ್ಯತ್ಯಾಸ ಗೊತ್ತಿಲ್ದೆ ಇರತ್ತಾ ನಂಗೆ? ನಾನು ಯಾವಾಗ್ಲೂ ಟಬ್ಬಿನದ್ದೇ ಹೇಳ್ತಿದ್ದೆ. ಗೋದಾಮಿನದ್ದು ಹೇಳಿದ್ರೆ ನೀನು ಬರಲ್ಲ ಅಂತ."

ಅಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು.

"ಈ ವರ್ಷ ಐದು ಸಲ ನೀರು ಬಂದಿದೆ," ಭಾವ ಮುಂದುವರಿಸಿದರು. "ಒಲೆ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದೀನಿ. ನೀನು ಹೇಳಿದ್ದು ಸರಿ, ಆ ಮನೆ ಉಳಿಯಲ್ಲ. ಆದ್ರೂ ಬಾ. ಒಬ್ನೇ ಇರಕ್ಕಾಗ್ತಿಲ್ಲ ನಂಗೆ."

ಮೂರು ವರ್ಷದಲ್ಲಿ ನೂರೈವತ್ತು ಭಾನುವಾರವಾದರೂ ಆಗಿರಬೇಕು. ಈ ಕೊನೆಯ ಮಾತನ್ನು ಅವರು ಒಂದು ದಿನವೂ ಆಡಿರಲಿಲ್ಲ. ಅಕ್ಕ ದಾರ ಕಡಿದು ಅಂಗಿ ಮಡಿಸಿದಳು.

"ಎಷ್ಟು ದಿನ ಸಿಗತ್ತೆ ಆ ಮನೆ?"

"ಗೊತ್ತಿಲ್ಲ. ನಂಗೆ ರಿಟೈರ್ ಆಗೋವರೆಗೂ ಸಿಗಬಹುದು. ಒಂದೇ ವರ್ಷ ಸಿಗಬಹುದು."

"ಭಯ ಆಗುತ್ತೆ ಅಂದ್ರೆ ನಗಬಾರದು."

"ಇಲ್ಲ. ನಂಗೂ ಭಯಾನೇ."

ಅಕ್ಕ ಎದ್ದು ಒಳಗೆ ಹೋದಳು. ಅಲ್ಮೇರಾದ ಬಾಗಿಲು ತೆಗೆದ ಸದ್ದು ಕೇಳಿತು. ನಾನು ಹಿಂದೆಯೇ ಹೋಗಿ, ಮುಂದಿನ ವಾರ ಹೋದರಾಗದೇ, ಸಾಮಾನೆಲ್ಲ ಜೋಡಿಸಿಕೊಳ್ಳಬೇಕಲ್ಲ ಎಂದೆ. ಅವಳು ನನ್ನ ಕೆನ್ನೆ ಹಿಡಿದು, "ಮುಂದಿನ ವಾರ ಅಂತ ಮೂರು ವರ್ಷ ಹೋಯ್ತು ಕಣೇ" ಎಂದಳು. ನಾಲ್ಕರ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಹೋದರು. ಹೊಸ ಮದುಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ, ಮುಂದೆ ನೋಡುತ್ತ.

ಮೊನ್ನೆ ಅಮಾವಾಸ್ಯೆಯ ಬೆಳಿಗ್ಗೆ ಅಕ್ಕನ ಫೋನ್ ಬಂತು. "ನೀರು ಬಂದಿದೆ ಕಣೇ," ಎಂದಳು. ಅಡುಗೆಮನೆ ದಾಟಿ ನಡುಮನೆಗೂ ಬಂದಿದೆಯಂತೆ, ಇಳಿಯುವವರೆಗೂ ಮಂಚ ಬಿಟ್ಟು ಇಳಿಯುವ ಹಾಗಿಲ್ಲವಂತೆ. ನಾನು ಗಾಬರಿಯಿಂದ ಭಾವ ಎಲ್ಲಿ ಎಂದು ಕೇಳಿದೆ.

"ಇಲ್ಲೇ, ಪಕ್ಕದಲ್ಲಿ ಕೂತಿದಾರೆ. ಕಾಲು ಮೇಲೆತ್ಕೊಂಡು ಚಹಾ ಕುಡೀತಿದೀವಿ," ಎಂದಳು ಅಕ್ಕ. ಭಾವ ಹಿಂದಿನಿಂದ ಏನೋ ಹೇಳಿದರು, ಅಕ್ಕ ನಕ್ಕಳು. ಏನು ಹೇಳಿದರು ಎಂದು ನನಗೆ ಕೇಳಿಸಲಿಲ್ಲ.

ಫೋನ್ ಇಟ್ಟ ಮೇಲೆ ನನ್ನ ಮನೆಯನ್ನು ಒಮ್ಮೆ ನೋಡಿದೆ. ನೆಲ ಒಣಗಿತ್ತು, ಗೋಡೆ ಒಣಗಿತ್ತು, ಇಲ್ಲಿಗೆ ಯಾವ ಸಮುದ್ರವೂ ಏರಿ ಬರುವುದಿಲ್ಲ. ಆ ನೀರಿನ ನಡುವಿನ ಮಂಚದ ಮೇಲೆ ಮೂರನೆಯವಳಾಗಿ ಕೂತಿದ್ದರೆ ಸಾಕಿತ್ತು ಎನಿಸಿ ಅಳು ಬಂತು.