ಸಮಿತಿಯವರನ್ನು ಕೆಳಗಿಳಿಸಿದ ಡ್ರೈವರ್

ಹಿಂದೆ ಕೂತವರಿಗೆ ಮುಂದೆ ಕೂತ ಡ್ರೈವರನಿಗೂ ಕಿವಿ ಇದೆ ಎಂಬುದು ನೆನಪಿರುವುದಿಲ್ಲ. ಶಾಸನಸಭೆಯ ಸಮಿತಿಯ ಮಿನಿಬಸ್ಸು ಓಡಿಸುತ್ತಿದ್ದ ಸೈಲೆನ್ಸರನಿಗೆ ಇದು ಕೆಲಸಕ್ಕೆ ಸೇರಿದ ಹೊಸತರಲ್ಲೇ ಗೊತ್ತಾಗಿಹೋಗಿತ್ತು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸೈಲೆನ್ಸರ್ ಎಂದು ಕರೆದವನು ಶೆಡ್ಡಿನ ಮೆಕ್ಯಾನಿಕ್. ಗಾಡಿ ಎಷ್ಟು ಗದ್ದಲ ಮಾಡಿದರೂ ಒಳಗೇ ನುಂಗಿಕೊಳ್ಳುತ್ತಾನೆ ಈ ಆಸಾಮಿ ಎಂದು.

ಹುಟ್ಟಿದಾಗಿನಿಂದ ಅವನೇನೂ ಮೂಕನಾಗಿರಲಿಲ್ಲ. ಈ ಕೆಲಸಕ್ಕೂ ಮುಂಚೆ ಸಿಟಿ ಬಸ್ಸು ಓಡಿಸುತ್ತಿದ್ದಾಗ ಬೆಳಗಿನಿಂದ ಸಂಜೆವರೆಗೆ ಗಂಟಲು ಹರಿದುಕೊಳ್ಳುತ್ತಿದ್ದ. ಅಡ್ಡ ಬಂದ ಆಟೋದವನಿಗೆ, ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹುಡುಗರಿಗೆ, ಎಲ್ಲರಿಗೂ ಬೈಗುಳ ಸಮಾನವಾಗಿ ಹಂಚುತ್ತಿದ್ದ. ಸಮಿತಿಯ ಗಾಡಿಗೆ ವರ್ಗವಾದ ದಿನ ಶೆಡ್ಡಿನ ಮೇಲ್ವಿಚಾರಕ ಕರೆದು ಹೇಳಿದ್ದ, "ಇಲ್ಲಿ ಸ್ಟೇರಿಂಗ್ ತಿರುಗ್ಸು, ನಾಲಿಗೆ ತಿರುಗಿಸ್ಬೇಡ. ನೆಮ್ಮದಿಯಾಗಿ ರಿಟೈರ್ ಆಗ್ತೀಯ." ಮನೆಯಲ್ಲಿ ಕಾಯಿಲೆಯ ಅಮ್ಮ, ಓದುವ ತಂಗಿ. ಸೈಲೆನ್ಸರ್ ಬಾಯಿಗೆ ಬೀಗ ಹಾಕಿಕೊಂಡ.

ಸಾರಿಗೆ ಮತ್ತು ಸ್ಥಳೀಯ ಸಂಸ್ಥೆಗಳ ಸಮಿತಿ ಎಂದು ಅದಕ್ಕೆ ಹೆಸರು. ಬಸ್ಸು ಸರಿಯಾಗಿ ಓಡುತ್ತದೋ ಇಲ್ಲವೋ, ಪುರಸಭೆಗಳು ತಮ್ಮ ಕೆಲಸ ಮಾಡುತ್ತವೋ ಇಲ್ಲವೋ ಎಂದು ಕಣ್ಣಾರೆ ನೋಡಿ ಬಂದು ಸಭೆಗೆ ವರದಿ ಒಪ್ಪಿಸುವುದು ಅದರ ಕೆಲಸ. ಮೊದಮೊದಲು ಅವನಿಗೆ ಆ ಗಾಡಿ ಓಡಿಸುವುದೆಂದರೆ ಹೆಮ್ಮೆ. ಆಗಿನ ಅಧ್ಯಕ್ಷರು ಗಾಡಿಯಿಂದ ಇಳಿದು ನಡೆಯುವ ಜಾತಿಯವರು. ಒಂದು ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಜಡಿದಿದ್ದನ್ನು ಕಂಡು, ಕೀ ಬರುವವರೆಗೂ ಆ ಬಾಗಿಲ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟಿದ್ದರು. ಆ ಕಥೆಯನ್ನು ಸೈಲೆನ್ಸರ್ ಮನೆಯಲ್ಲಿ ಅಮ್ಮನಿಗೆ ಎಷ್ಟು ಸಲ ಹೇಳಿದ್ದನೋ.

ಆ ಅಧ್ಯಕ್ಷರು ಹೋದರು, ಬೇರೆಯವರು ಬಂದರು. ಮತ್ತೆ ಬೇರೆಯವರು. ಬರಬರುತ್ತಾ ಇಳಿಯುವುದು ಕಡಿಮೆಯಾಯಿತು. ಕಟ್ಟಿಕೊಂಡ ಚರಂಡಿಯನ್ನು ಕಿಟಕಿಯಿಂದ ನೋಡಿದರು. ಬಿರುಕು ಬಿಟ್ಟ ಸೇತುವೆಯ ಮೇಲೆ ನಿದ್ದೆ ಮಾಡುತ್ತಲೇ ಹಾದುಹೋದರು. ಸಮಿತಿಯ ಕಾರ್ಯದರ್ಶಿ ಎನ್ನುವ ತೆಳ್ಳನೆಯ ಮನುಷ್ಯ ಮುಂದಿನ ಸೀಟಿನಲ್ಲಿ ಕೂತು "ಖುದ್ದಾಗಿ ಪರಿಶೀಲಿಸಲಾಯಿತು" ಎಂದು ಗಾಡಿ ಹೊರಡುವ ಮೊದಲೇ ಬರೆದುಬಿಡುತ್ತಿದ್ದ. ಸೈಲೆನ್ಸರ್ ಕನ್ನಡಿಯಲ್ಲಿ ಎಲ್ಲ ನೋಡುತ್ತಿದ್ದ. ಮನೆಯಲ್ಲಿ ಕಥೆ ಹೇಳುವುದನ್ನು ನಿಲ್ಲಿಸಿದ. ಅಮ್ಮ ತೀರಿಕೊಂಡ ಮೇಲೆ ಕೇಳುವವರೂ ಇರಲಿಲ್ಲ.

ತಂಗಿ ಅಷ್ಟರಲ್ಲಿ ಮದುವೆಯಾಗಿ, ಪಕ್ಕದ ಊರಿನ ಅಂಚಿನ ಬಡಾವಣೆಯಲ್ಲಿ ಸಂಸಾರ ಹೂಡಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ದಿನವಿಡೀ ಬಿಳಿ ಹಾಸುಗಳನ್ನು ಇಸ್ತ್ರಿ ಮಾಡುವುದು. ಅಣ್ಣನ ಪಾಲಿನ ಮಾತನ್ನೂ ಸೇರಿಸಿ ಅವಳೇ ಆಡುತ್ತಿದ್ದಳು. ಮೊದಲು ಬಡಾವಣೆಯ ಒಳಗೇ, ಶಾಲೆಯ ಎದುರು ಬಸ್ಸು ನಿಲ್ಲುತ್ತಿತ್ತು. ಹೊರಗಿನ ಬೈಪಾಸ್ ರಸ್ತೆಯನ್ನು ಅಗಲ ಮಾಡಿದ ಮೇಲೆ ಬಸ್ಸು ಒಳಗೆ ಬರುವುದನ್ನು ನಿಲ್ಲಿಸಿತು. ನಿಲ್ದಾಣವನ್ನು ಆ ದೊಡ್ಡ ರಸ್ತೆಯ ಆಚೆ ಬದಿಗೆ ಎತ್ತಿಹಾಕಿದರು. ತಗಡಿನ ಚಾವಣಿ, ಹೊಳೆಯುವ ಬೆಂಚು, ಎಲ್ಲ ಉಂಟು. ಅಲ್ಲಿಗೆ ಹೋಗಿ ಸೇರಲು ದಾರಿ ಮಾತ್ರ ಇಲ್ಲ. ಬಿಳಿ ಪಟ್ಟೆಯಿಲ್ಲ, ಸಿಗ್ನಲ್ ಇಲ್ಲ. ಮಧ್ಯೆ ಸೊಂಟದೆತ್ತರದ ಕಾಂಕ್ರೀಟ್ ಡಿವೈಡರ್. ಮಕ್ಕಳು, ಮುದುಕರು, ಬಸುರಿಯರು ಎಲ್ಲರೂ ಅದನ್ನು ಹತ್ತಿಳಿದೇ ಬಸ್ಸು ಹಿಡಿಯಬೇಕು.

ಒಂದು ಸಂಜೆ ಕೆಲಸ ಮುಗಿಸಿ ಬಂದ ತಂಗಿ ಡಿವೈಡರಿನಿಂದ ಇಳಿಯುವಾಗ ವ್ಯಾನೊಂದು ಬಡಿಯಿತು. ಸೊಂಟದ ಮೂಳೆ ಪುಡಿಯಾಯಿತು. ತಾನೇ ಇಸ್ತ್ರಿ ಮಾಡಿದ ಹಾಸಿನ ಮೇಲೆ ತಿಂಗಳುಗಟ್ಟಲೆ ಮಲಗಿ ಎದ್ದವಳಿಗೆ ಊರುಗೋಲು ಖಾಯಂ ಆಯಿತು. ಎದ್ದ ಕೂಡಲೇ ಅವಳು ಮಾಡಿದ ಮೊದಲ ಕೆಲಸ, ಬಡಾವಣೆಯ ಹೆಂಗಸರನ್ನೆಲ್ಲ ಸೇರಿಸಿ ಸಮಿತಿಗೆ ಅರ್ಜಿ ಹಾಕಿದ್ದು.

"ನಿಮ್ಮ ಸಮಿತಿನೇ ಅಲ್ವೇನೋ ಅಣ್ಣ ಅದು?"

"ನಾನು ಬರೀ ಗಾಡಿ ಓಡ್ಸೋನು."

"ಓಡ್ಸು. ನಮ್ಮ ಕಡೆಗೂ ಓಡಿಸ್ಕೊಂಡು ಬಾ."

ವಿಚಾರಣೆಯ ದಿನ ಸೈಲೆನ್ಸರ್ ಸಮಿತಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ಅರೆತೆರೆದಿತ್ತು. ಉದ್ದನೆಯ ಮೇಜು, ನೀರಿನ ಬಾಟಲಿಗಳ ಸಾಲು, ಅದರ ಕೊನೆಯಲ್ಲಿ ಕುರ್ಚಿಗೆ ಊರುಗೋಲು ಒರಗಿಸಿ ಕೂತ ತಂಗಿ. ಅವಳು ಹೇಳಬೇಕಾದ್ದನ್ನು ಹೇಳಿದಳು. ಆಮೇಲೆ ಸಾರಿಗೆ ಅಧಿಕಾರಿ ಎದ್ದು, ಬಸ್ಸು ಎಲ್ಲಿ ನಿಲ್ಲಬೇಕೆಂದು ಹೇಳುವುದಷ್ಟೇ ತಮ್ಮ ಕೆಲಸ, ಜನ ದಾಟುವ ವ್ಯವಸ್ಥೆ ಪುರಸಭೆಯದು ಎಂದ. ಪುರಸಭೆಯ ಮುಖ್ಯಾಧಿಕಾರಿ ಎದ್ದು, ರಸ್ತೆ ನಮ್ಮದೇ ಅಲ್ಲ, ಡಿವೈಡರ್ ಮುಟ್ಟುವ ಅಧಿಕಾರವೂ ನಮಗಿಲ್ಲ ಎಂದ. ಇಬ್ಬರೂ ಕೈ ತೊಳೆದುಕೊಂಡು ಕೂತರು.

"ಹಾಗಾದ್ರೆ ನನ್ನ ಸೊಂಟ ಯಾರ ವ್ಯಾಪ್ತಿಗೆ ಬರುತ್ತೆ ಸಾರ್?" ಎಂದಳು ತಂಗಿ.

ಒಳಗೆ ಯಾರೋ ನಕ್ಕರು. ಅಧ್ಯಕ್ಷರೇ ನಕ್ಕದ್ದು. "ಒಳ್ಳೆ ಮಾತಾಡ್ತೀಯಮ್ಮ. ಬರ್ತೀವಿ, ಸ್ಥಳ ಪರಿಶೀಲನೆ ಮಾಡ್ತೀವಿ."

ಆ ನಗು ಕೇಳಿ ಸೈಲೆನ್ಸರ್ ಬೆಂಚಿನಿಂದ ಎದ್ದ, ಮತ್ತೆ ಕೂತ. ಆದರೂ ಬರುತ್ತೇವೆ ಅಂದರಲ್ಲ ಎಂದು ಸಮಾಧಾನ ಮಾಡಿಕೊಂಡ. ಪರಿಶೀಲನೆಯ ದಿನ ಬೆಳಗ್ಗೆಯೇ ಗಾಡಿ ತೊಳೆದು, ಮೆಟ್ಟಿಲಿನ ರಬ್ಬರನ್ನು ಕೂಡ ಉಜ್ಜಿದ.

ಬೆಳಗ್ಗೆ ತಲುಪಬೇಕಾಗಿದ್ದವರು ಅತಿಥಿಗೃಹದಲ್ಲಿ ಊಟ ಮುಗಿಸಿ ಹೊರಟಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಗಾಡಿ ಹೊಸ ನಿಲ್ದಾಣದ ಪಕ್ಕ ನಿಂತಿತು. ಹಿಂದೆ ಜೀಪಿನಲ್ಲಿ ಇಬ್ಬರು ಅಧಿಕಾರಿಗಳೂ ಬಂದಿದ್ದರು. ರಸ್ತೆಯ ಆಚೆ, ಬಡಾವಣೆಯ ಬಾಯಲ್ಲಿ, ಹೆಂಗಸರು ಮಕ್ಕಳು ಗುಂಪಾಗಿ ನಿಂತಿದ್ದರು. ಬೆಳಗಿನಿಂದ ನಿಂತವರು. ಮುಂದೆ ತಂಗಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದನ್ನು ಎತ್ತಿ ಬೀಸುತ್ತಿದ್ದಾಳೆ. ನಡುವೆ ಲಾರಿಗಳು ಒಂದರ ಹಿಂದೊಂದು.

ಅಧ್ಯಕ್ಷರು ಪರದೆ ಸರಿಸಿ ನೋಡಿದರು. "ಇಲ್ಲಿಂದ್ಲೇ ಎಲ್ಲ ಕಾಣುತ್ತಲ್ಲ."

"ಕಾಣುತ್ತೆ ಸಾರ್," ಎಂದ ಕಾರ್ಯದರ್ಶಿ.

"ನಿಲ್ದಾಣ ಚೆನ್ನಾಗೇ ಇದೆಯಲ್ರೀ. ಇವ್ರಿಗೆ ಎಷ್ಟು ಮಾಡಿದ್ರೂ ಅಷ್ಟೆ. ಕಿಟಕಿಯಿಂದ ಒಂದು ಫೋಟೊ ತಗೊಳ್ಳಿ, ಹೊರಡೋಣ. ಸಂಜೆ ನನಗೊಂದು ಉದ್ಘಾಟನೆ ಇದೆ."

"ಇಳಿದು ನೋಡೋಣ ಅಂತ ಹೇಳಿ ಬಂದಿದ್ದೀವಿ," ಎಂದರು ಹಿಂದಿನ ಸೀಟಿನಲ್ಲಿದ್ದ ವಯಸ್ಸಾದ ಸದಸ್ಯೆ. ಹಿಂದೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಯದರ್ಶಿ ಆಗಲೇ ಗುನುಗುತ್ತಾ ಬರೆಯುತ್ತಿದ್ದ: "ಸಮಿತಿಯು ಸ್ಥಳಕ್ಕೆ ಭೇಟಿ ನೀಡಿ, ಸಾರ್ವಜನಿಕರೊಂದಿಗೆ ಚರ್ಚಿಸಿ..."

"ನಡಿಯಪ್ಪ ಡ್ರೈವರ್," ಎಂದರು ಅಧ್ಯಕ್ಷರು.

ಸೈಲೆನ್ಸರ್ ಎಂಜಿನ್ ಆಫ್ ಮಾಡಿದ. ಕೀ ಕಿತ್ತು ಜೇಬಿಗೆ ಹಾಕಿಕೊಂಡ. ಎಸಿ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಅವನು ಕೆಳಗಿಳಿದು, ಸುತ್ತಿ ಬಂದು, ಸದಸ್ಯರ ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡ.

"ಇಳೀರಿ ಸಾರ್. ದಾಟಿ."

"ಏನಂದೆ?"

"ಚರ್ಚೆ ಮಾಡಿದ್ವಿ ಅಂತ ಬರ್ಕೊಂಡಿದ್ದೀರಲ್ಲ. ಜನ ಅಲ್ಲಿದ್ದಾರೆ. ಹೋಗಿ ಚರ್ಚೆ ಮಾಡಿ."

"ಯಾರಯ್ಯ ನೀನು?" ಅಧ್ಯಕ್ಷರ ಮುಖ ಕೆಂಪಗಾಯಿತು.

ಎಷ್ಟು ಊರು, ಎಷ್ಟು ಮಳೆ, ಎಷ್ಟು ಗುಂಡಿಗಳನ್ನು ದಾಟಿಸಿದ್ದ ಇವರನ್ನು. ನಿದ್ದೆ ಕೆಡದ ಹಾಗೆ ಬ್ರೇಕ್ ಹಾಕುವುದನ್ನು ಕಲಿತಿದ್ದ. ಆ ಪ್ರಶ್ನೆ ಕೇಳಿದ ಮೇಲೆ ಅವನಲ್ಲಿ ಉಳಿದಿದ್ದ ಅಂಜಿಕೆಯೂ ಹೋಯಿತು.

"ನಾನಾ? ನಿಮ್ಮನ್ನ ಹೊತ್ಕೊಂಡು ತಿರುಗೋನು. ಆ ಊರುಗೋಲು ಹಿಡ್ಕೊಂಡಿದ್ದಾಳಲ್ಲ, ಅವಳ ಅಣ್ಣ. ಅವಳು ಸೊಂಟ ಮುರ್ಕೊಂಡ ಕಥೆ ಕೇಳಿ ನಕ್ರಲ್ಲ, ಆಗ ಬಾಗ್ಲಲ್ಲೇ ಕೂತಿದ್ದೆ. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದಾರೆ ಸಾರ್ ಆ ಜನ. ನೀವು ಪರದೆ ಸರ್ಸಿ ನೋಡೋಕೆ ಅವರೇನು ಮೃಗಾಲಯದಲ್ಲಿದ್ದಾರಾ? ನೀವು ಇಳಿಯೋವರೆಗೂ ಈ ಗಾಡಿ ಇಲ್ಲಿಂದ ಅಲ್ಲಾಡಲ್ಲ."

ಕಾರ್ಯದರ್ಶಿ ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡಿದ. "ಕೀ ಕೊಡಯ್ಯ, ಕೆಲಸ ಹೋಗುತ್ತೆ!" ಸೈಲೆನ್ಸರ್ ಕೊಡಲಿಲ್ಲ. ಕಿಟಕಿಗಳು ತೆರೆಯುವಂಥವಲ್ಲ, ಗಾಡಿಯ ಒಳಗು ಸ್ವಲ್ಪ ಹೊತ್ತಿನಲ್ಲೇ ಕಾದ ಹಂಚಾಯಿತು. ಮೊದಲು ಇಳಿದವರು ಟೀಚರಮ್ಮ. ಸೀರೆ ಎತ್ತಿ ಕಟ್ಟಿ, ಅವನ ಕಡೆ ನೋಡದೆಯೇ, "ಕೈ ಹಿಡ್ಕೊಳ್ಳಪ್ಪ," ಎಂದರು. ಅವನು ಕೈ ಹಿಡಿದು ಲಾರಿಗಳ ಸಂದು ನೋಡಿ ದಾಟಿಸಿದ. ಡಿವೈಡರ್ ಹತ್ತುವಾಗ ಅವರ ಮೊಣಕಾಲು ತರಚಿತು. ಹೇಗೋ ಆಚೆ ಬದಿ ಮುಟ್ಟಿದರು. ತಂಗಿ ಅವರನ್ನು ಕೂರಿಸಿ ನೀರು ಕೊಟ್ಟಳು.

ಹೆಂಗಸೊಬ್ಬಳು ದಾಟಿದ ಮೇಲೆ ಅಧ್ಯಕ್ಷರಿಗೆ ಒಳಗೆ ಕೂತಿರಲು ಮರ್ಯಾದೆ ಅಡ್ಡ ಬಂತು. ಇಬ್ಬರು ಅಧಿಕಾರಿಗಳನ್ನು ಎಡಬಲಕ್ಕೆ ಇಟ್ಟುಕೊಂಡು ಹೊರಟರು. ಡಿವೈಡರ್ ಮೇಲೇನೋ ಹತ್ತಿದರು, ಇಳಿಯಲಾಗಲಿಲ್ಲ. ಮುಂದೆ ಲಾರಿ, ಹಿಂದೆ ಲಾರಿ. ಗಾಳಿಗೆ ಅಂಗಿ ಪಟಪಟ ಹೊಡೆದುಕೊಳ್ಳುತ್ತಿದೆ. "ನಿಲ್ಲಿಸ್ರೀ ಅವನ್ನ!" ಎಂದು ಕೂಗಿದರು. ಯಾವ ಲಾರಿಯವನಿಗೆ ಅಧ್ಯಕ್ಷರ ಗುರುತು?

"ಸಾರಿಗೆಯವ್ರು ನಿಲ್ಲಿಸ್ಬೇಕು ಸಾರ್," ಎಂದ ಮುಖ್ಯಾಧಿಕಾರಿ.

"ಡಿವೈಡರ್ ಮೇಲೆ ನಿಂತವ್ರ ಜವಾಬ್ದಾರಿ ನಮ್ಮದಲ್ಲ ಸಾರ್," ಎಂದ ಸಾರಿಗೆಯವನು. ಪಾಪ, ಬಾಯಿ ತಪ್ಪಿ ಬಂದ ಮಾತು.

ಬಡಾವಣೆಯ ಮಕ್ಕಳು ಹೋ ಎಂದು ನಕ್ಕರು. ಸೈಲೆನ್ಸರ್ ನಗಲಿಲ್ಲ. ತನ್ನ ತಂಗಿ ಬಿದ್ದದ್ದು ಅದೇ ಜಾಗದಲ್ಲಿ ಎಂಬುದು ಅವನಿಗೆ ಗೊತ್ತಿತ್ತು. ನೋಡುತ್ತಾ ನೋಡುತ್ತಾ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದ, ಏರಿತು. ಕೊನೆಗೆ ಅವನೇ ರಸ್ತೆಗಿಳಿದು, ಎರಡೂ ಕೈ ಚಾಚಿ ಲಾರಿಯೊಂದನ್ನು ನಿಲ್ಲಿಸಿ, ಅಧ್ಯಕ್ಷರನ್ನು ಇಳಿಸಿಕೊಂಡ.

ಮರುದಿನವೇ ಅವನ ಕೈಯಿಂದ ಸ್ಟೇರಿಂಗ್ ಹೋಯಿತು. ಶೆಡ್ಡಿನ ಹಿಂಭಾಗದಲ್ಲಿ ಗಾಡಿ ತೊಳೆಯುವ ಜಾಗಕ್ಕೆ ಹಾಕಿದರು. ಇನ್ನೂ ದೊಡ್ಡ ಶಿಕ್ಷೆ ಕಾದಿತ್ತು; ಆದರೆ ಟೀಚರಮ್ಮ ಸಮಿತಿಯಲ್ಲಿ ಜಗಳ ತೆಗೆದರು, ಪತ್ರಿಕೆಯವರ ಮುಂದೆ ಹೇಳಿಬಿಡುತ್ತೇನೆ ಎಂದರು. ಅಧ್ಯಕ್ಷರು ಮೆತ್ತಗಾದರು. ಕಾರ್ಯದರ್ಶಿ ತೊಳೆಯುವ ಜಾಗಕ್ಕೇ ಬಂದು ಹೇಳಿದ, "ನೋಡಪ್ಪ, ಎಲ್ಲರಿಗೂ ಒಳ್ಳೇದಾಗೋ ದಾರಿ ಒಂದಿದೆ. ಎಂಜಿನ್ ಕೆಟ್ಟು ಗಾಡಿ ನಿಂತುಹೋಯ್ತು, ಅದಕ್ಕೆ ಸದಸ್ಯರನ್ನ ಇಳಿಸ್ಬೇಕಾಯ್ತು ಅಂತ ಒಂದು ರುಜು ಹಾಕು. ನಾಳೆಯಿಂದ ನಿನ್ನ ಗಾಡಿ ನಿನಗೆ."

"ಗಾಡಿ ಚೆನ್ನಾಗಿತ್ತು ಸಾರ್," ಎಂದ ಸೈಲೆನ್ಸರ್, ಪೈಪಿನ ನೀರು ನಿಲ್ಲಿಸದೆ.

ಅವನ ರುಜು ಇಲ್ಲದೆಯೂ ವರದಿಯಲ್ಲಿ ಗಾಡಿ ಕೆಟ್ಟಿತು ಎಂದೇ ಬಂತು; ಸ್ಟೇರಿಂಗ್ ವಾಪಸ್ ಬೇಕಿದ್ದರೆ ಈಗಲೂ ರುಜು ಹಾಕಬಹುದಿತ್ತು. ಕೆಟ್ಟ ಗಾಡಿಯಿಂದಿಳಿದ ಸಮಿತಿಯು ರಸ್ತೆ ದಾಟುವ ಕಷ್ಟವನ್ನು ಖುದ್ದು ಅನುಭವಿಸಿ, ನಿಲ್ದಾಣವನ್ನು ಹಿಂದಿನ ಜಾಗಕ್ಕೇ ತರಬೇಕೆಂದು ಶಿಫಾರಸು ಮಾಡಿತು. ಬಸ್ಸು ಮತ್ತೆ ಶಾಲೆಯ ಎದುರು ಬಂತು. ಮೊದಲ ಬಸ್ಸಿನ ದಿನ ಅಧ್ಯಕ್ಷರು ಟೇಪು ಕತ್ತರಿಸಿ ಜನರ ಕಷ್ಟ ತಮ್ಮ ಕಷ್ಟ ಎಂದು ಭಾಷಣ ಮಾಡಿದರಂತೆ. ತಂಗಿ ಫೋನಿನಲ್ಲಿ ಅದನ್ನು ಹೇಳಿದಾಗ ಸೈಲೆನ್ಸರ್ ಪೈಪನ್ನು ಗೋಡೆಗೆ ಎಸೆದ.

ರಜೆಯ ದಿನ ಅವನು ಬಡಾವಣೆಗೆ ಹೋದ. ಶಾಲೆಯ ಎದುರು ಬೆಂಚಿನ ಮೇಲೆ ಅಣ್ಣ ತಂಗಿ ಕೂತರು.

"ರುಜು ಹಾಕ್ಬಿಡೋ," ಎಂದಳು ತಂಗಿ. "ಬಸ್ಸು ಬಂತಲ್ಲ. ಹಾಳಾಗಿಹೋಗ್ಲಿ, ಅವರ ಹೆಸರೇ ಆಗ್ಲಿ. ನೀನ್ಯಾಕೆ ನೀರಲ್ಲಿ ನಿಂತು ಕಾಲು ಕೊಳಸ್ಕೋಬೇಕು? ನನಗೋಸ್ಕರ ಹೀಗಾಯ್ತಲ್ಲ ಅಂತ ನನಗೆ ಅನ್ನ ಸೇರಲ್ಲ."

"ನಿನಗೋಸ್ಕರ ಅಂತ ಯಾರು ಹೇಳಿದ್ರು ನಿನಗೆ?" ಅವನ ದನಿ ಹಳೆಯ ಸಿಟಿ ಬಸ್ಸಿನ ದನಿಯಷ್ಟು ಏರಿತು, ಪಕ್ಕದಲ್ಲಿದ್ದ ಮುದುಕ ತಿರುಗಿ ನೋಡಿದ. "ಬೇರೆಯವ್ರ ತಂಗಿ ಆಗಿದ್ರೂ ಅವರು ಇಳೀತಿರ್ಲಿಲ್ಲ. ಎಷ್ಟು ಊರಲ್ಲಿ ಎಷ್ಟು ಜನ ಹಾಗೇ ಕೈ ಬೀಸ್ತಾ ನಿಂತಿದ್ರು, ನಾನು ಗೇರ್ ಹಾಕ್ಕೊಂಡು ಬಂದಿದ್ದೀನಿ. ಇಳಿಸಿದ್ದು ನಾನು. ಗಾಡಿ ಕೆಟ್ಟಿದ್ದಲ್ಲ. ಅದೊಂದನ್ನ ಬಿಟ್ಕೊಡಲ್ಲ."

"ಹಠಮಾರಿ."

"ಹೌದು."

"ಅಪ್ಪನ ಥರಾನೇ."

"ಅಪ್ಪನ್ನ ಯಾಕೆ ಎಳೀತೀಯ ಮಧ್ಯೆ?"

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆಸ್ಪತ್ರೆ ಕಡೆಯ ಬಸ್ಸು ಬಂದು ನಿಂತಿತು. ಮಧ್ಯಾಹ್ನದ ಪಾಳಿಗೆ ಹೊತ್ತಾಗಿತ್ತು. ತಂಗಿ ಅವನ ಭುಜದ ಮೇಲೆ ಭಾರ ಹಾಕಿ ಎದ್ದಳು. ಮೆಟ್ಟಿಲು ಹತ್ತಿ, ಕಂಬಿ ಹಿಡಿದು, "ರಾತ್ರಿ ಊಟ ಮಾಡ್ದೆ ಹೋಗ್ಬೇಡ, ನಾವಿನ್ನೂ ಜಗಳ ಮುಗ್ಸಿಲ್ಲ," ಎಂದಳು. ಸೈಲೆನ್ಸರ್ ಹೂಂ ಎಂದ. ಅವಳು ಸೀಟಿನಲ್ಲಿ ಕೂತಳೋ ಇಲ್ಲವೋ ಎಂದು ಕಿಟಕಿಯಲ್ಲಿ ಬಗ್ಗಿ ನೋಡಿ, ಮುಂದಿನ ಬಾಗಿಲಿಗೆ ಹೋಗಿ ಡ್ರೈವರನಿಗೆ ಈಗ ಹೊರಡಬಹುದು ಎಂದು ಕೈ ಮಾಡಿದ.